ಚೀಟಿಯ ಮೇಲಿನ ಊರು

ದೊಡ್ಡ ವಿಚಾರಗಳು ದೊಡ್ಡವರ ತಲೆಯಲ್ಲಿ ಮಿಂಚಿನ ಹಾಗೆ ಹೊಳೆಯುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನ್ಯೂಟನ್ನನಿಗೆ ಸೇಬು ಬೀಳಬೇಕು, ಆರ್ಕಿಮಿಡೀಸನಿಗೆ ಸ್ನಾನದ ತೊಟ್ಟಿ ತುಳುಕಬೇಕು, ಡಾರ್ವಿನ್ನನಿಗೆ ಗಲಪಗಾಸ್ ದ್ವೀಪದ ಫಿಂಚ್ ಹಕ್ಕಿಯ ಕೊಕ್ಕು ಕಾಣಬೇಕು. ಅಷ್ಟಾದರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತದೆ! ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಮೇಷ್ಟರಾಗಿದ್ದ ನನಗೆ ಈ ಕತೆಗಳ ಮೇಲೆ ಅಂಥ ಪ್ರೀತಿಯಿಲ್ಲ. ಕೇಳುವ ಹುಡುಗನಿಗೆ ಅವು ಹೇಳುವುದು ಒಂದೇ ಮಾತು: ಇದೆಲ್ಲ ನಿನ್ನಂಥವನ ಕೆಲಸವಲ್ಲ, ಬರೆದುಕೊಂಡು ಪರೀಕ್ಷೆ ಪಾಸು ಮಾಡು.

ಜೀವವಿಕಾಸದ ತತ್ವ ಹುಟ್ಟಿದ ಬಗೆ ಬೇರೆ. ಸತ್ತ ಹಕ್ಕಿಯ ಕಾಲಿಗೆ ಕಟ್ಟಿದ, ದುಂಬಿಯ ಹೊಟ್ಟೆಗೆ ಚುಚ್ಚಿದ ಸೂಜಿಗೆ ಸಿಕ್ಕಿಸಿದ, ಎರಡು ಬೆರಳಗಲದ ಒಂದು ಚೀಟಿಯಿಂದ ಅದು ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಬಹಳ ದೊಡ್ಡ ಉತ್ಪ್ರೇಕ್ಷೆಯಲ್ಲ.

ನಮ್ಮ ಕಾಲೇಜಿನಲ್ಲಿ ಹುಡುಗರು ಪ್ರಾಯೋಗಿಕ ಪರೀಕ್ಷೆಗೆಂದು ಕೀಟಗಳನ್ನು ಹಿಡಿದು ಪೆಟ್ಟಿಗೆಯಲ್ಲಿ ಜೋಡಿಸಿ ತರುತ್ತಿದ್ದರು. ಪ್ರತಿ ಹುಳದ ಕೆಳಗೂ ಮೂರು ಸಾಲಿನ ಚೀಟಿ ಇರಲೇಬೇಕೆಂಬುದು ನನ್ನ ಹಟ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹಿಡಿದವರು ಯಾರು. ಹೆಸರು ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ, ಊರು ಬರೆಯದಿದ್ದರೆ ಪೂರ್ತಿ. ಒಬ್ಬ ಹುಡುಗ ಸಿಟ್ಟಿನಿಂದಲೇ ಕೇಳಿದ: ‘ಹುಳ ಸತ್ತ ಮೇಲೆ ಅದರ ಊರು ಕಟ್ಕೊಂಡು ಏನ್ ಮಾಡೋದು ಸಾರ್?’

ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಪೀರಿಯಡ್ಡಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಉತ್ತರ ಗೊತ್ತಾಗಬೇಕಾದರೆ ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಮನುಷ್ಯನ ಬದುಕನ್ನು ತಿಳಿಯಬೇಕು.

ವಾಲೇಸ್ ಹುಟ್ಟಿದ್ದು ೧೮೨೩ರಲ್ಲಿ, ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಹತ್ತಿರ. ತಂದೆಗೆ ಇದ್ದಬದ್ದ ಆಸ್ತಿ ಕರಗಿಹೋಗಿತ್ತು. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಡಿಸಿದರು. ಡಾರ್ವಿನ್ ಕೇಂಬ್ರಿಜ್ಜಿನಲ್ಲಿ ಓದಿದವನು, ಶ್ರೀಮಂತ ವೈದ್ಯರ ಮಗ, ದುಡಿದು ಉಣ್ಣಬೇಕಾದ ಅಗತ್ಯವಿಲ್ಲದವನು. ವಾಲೇಸ್ ಅಣ್ಣನ ಜೊತೆ ಜಮೀನು ಅಳೆಯುವ ಕೆಲಸಕ್ಕೆ ಸೇರಿದ. ಸರಪಳಿ ಹಿಡಿದು ಹೊಲ, ಗುಡ್ಡ, ಹಳ್ಳಗಳನ್ನು ಸುತ್ತುವುದು, ಎಲ್ಲೆ ಗುರುತಿಸುವುದು, ನಕ್ಷೆ ಬರೆಯುವುದು ಅವನ ಕಸುಬಾಯಿತು. ನಮ್ಮಲ್ಲಿ ಸರ್ವೆ ಇಲಾಖೆಯವರು ಮಾಡುವ ಕೆಲಸ. ಈ ಕೆಲಸ ಮಾಡಿದವನ ಕಣ್ಣು ಒಂದು ಬಗೆಯಲ್ಲಿ ಪಳಗುತ್ತದೆ. ಅವನು ಎಲ್ಲಿಗೆ ಹೋದರೂ ಮೊದಲು ಕೇಳುವುದು, ಇದು ಎಲ್ಲಿಂದ ಎಲ್ಲಿಯವರೆಗೆ ಎಂದು. ಈ ಪ್ರಶ್ನೆಯನ್ನೇ ಮುಂದೆ ಅವನು ಮಂಗಗಳಿಗೂ ಹಕ್ಕಿಗಳಿಗೂ ಕೇಳಿದ.

೧೮೪೪ರಲ್ಲಿ ಲೆಸ್ಟರ್ ಊರಿನ ಒಂದು ಶಾಲೆಯಲ್ಲಿ ಅವನಿಗೆ ಮೇಷ್ಟರ ಕೆಲಸ ಸಿಕ್ಕಿತು. ಅಲ್ಲಿ ಹೆನ್ರಿ ಬೇಟ್ಸ್ ಎಂಬ ಯುವಕನ ಸ್ನೇಹವಾಯಿತು. ಬೇಟ್ಸನಿಗೆ ದುಂಬಿ ಹಿಡಿಯುವ ಹುಚ್ಚು. ಒಂದು ಊರಿನ ಸುತ್ತಮುತ್ತಲೇ ನೂರಾರು ಬಗೆಯ ದುಂಬಿಗಳಿವೆ ಎಂದು ತಿಳಿದಾಗ ವಾಲೇಸ್ ಬೆರಗಾದ. ಇಷ್ಟೊಂದು ಏಕೆ? ಹತ್ತು ಬಗೆ ಸಾಲದೆ? ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಟ್ಟು ಬೇರೆ ಬೇರೆಯಾಗಿ ಇವನ್ನೆಲ್ಲ ಸೃಷ್ಟಿಸುವ ಅಗತ್ಯವಾದರೂ ಯಾರಿಗಿತ್ತು? ಆ ಕಾಲದ ಉತ್ತರ ಸಿದ್ಧವಾಗಿತ್ತು. ಪ್ರತಿಯೊಂದು ಪ್ರಭೇದವನ್ನೂ ದೇವರು ಬೇರೆ ಬೇರೆಯಾಗಿ, ಅದರದರ ಜಾಗಕ್ಕೆ ತಕ್ಕಂತೆ ಮಾಡಿಟ್ಟಿದ್ದಾನೆ. ಈ ಇಬ್ಬರು ತರುಣರಿಗೆ ಅದು ಸಮಾಧಾನ ಕೊಡಲಿಲ್ಲ. ಪ್ರಭೇದಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಕಂಡುಹಿಡಿಯಬೇಕೆಂದು ೧೮೪೮ರಲ್ಲಿ ಅಮೆಜಾನ್ ಕಾಡಿಗೆ ಹೊರಟರು. ಕೈಯಲ್ಲಿ ಹಣವಿಲ್ಲ. ಹಿಡಿದ ಚಿಟ್ಟೆ, ದುಂಬಿ, ಹಕ್ಕಿಗಳನ್ನು ಲಂಡನ್ನಿನ ಸ್ಯಾಮ್ಯುಯಲ್ ಸ್ಟೀವನ್ಸ್ ಎಂಬ ದಲ್ಲಾಳಿಗೆ ಕಳುಹಿಸುವುದು, ಅವನು ಮ್ಯೂಸಿಯಮ್ಮುಗಳಿಗೂ ಹವ್ಯಾಸಿ ಶ್ರೀಮಂತರಿಗೂ ಮಾರುವುದು, ಬಂದ ದುಡ್ಡಿನಲ್ಲಿ ಮುಂದಿನ ಊಟ. ಹೀಗಿತ್ತು ಏರ್ಪಾಡು.

ಇಲ್ಲಿ ಒಂದು ಸೂಕ್ಷ್ಮವಿದೆ. ಶ್ರೀಮಂತ ಹವ್ಯಾಸಿಗೆ ಒಂದು ಪ್ರಭೇದದ ಒಂದು ಚಂದದ ಮಾದರಿ ಸಿಕ್ಕರೆ ಸಾಕು. ಮಾರಿ ಬದುಕುವವನು ಒಂದೇ ಪ್ರಭೇದದ ಹತ್ತಾರು ಮಾದರಿ ಹಿಡಿಯಬೇಕು. ಹಾಗೆ ಸಾಲಾಗಿ ಜೋಡಿಸಿಟ್ಟಾಗ, ಒಂದೇ ಎಂದುಕೊಂಡಿದ್ದವು ಒಂದೇ ರೀತಿ ಇಲ್ಲವೆಂದು ಕಣ್ಣಿಗೆ ಹೊಡೆಯುತ್ತದೆ. ಒಂದರ ರೆಕ್ಕೆ ಕೊಂಚ ಉದ್ದ, ಇನ್ನೊಂದರ ಬಣ್ಣ ಕೊಂಚ ಮಾಸಲು. ನಿಸರ್ಗದ ಆಯ್ಕೆ ಎಂಬ ತತ್ವ ನಿಂತಿರುವುದೇ ಈ ಸಣ್ಣಪುಟ್ಟ ವ್ಯತ್ಯಾಸಗಳ ಮೇಲೆ. ಬಡತನ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹೊಟ್ಟೆಪಾಡಿನ ಕೆಲಸವೂ ಕಣ್ಣು ತೆರೆಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಅಮೆಜಾನಿನಲ್ಲಿ ವಾಲೇಸ್ ನಾಲ್ಕು ವರ್ಷ ಅಲೆದ. ಅವನ ಜೊತೆಗೂಡಲು ಬಂದಿದ್ದ ತಮ್ಮ ಹರ್ಬರ್ಟ್ ೧೮೫೧ರಲ್ಲಿ ಹಳದಿ ಜ್ವರದಿಂದ ಸತ್ತ. ಅಣ್ಣ ಆಗ ದೂರದ ರಿಯೋ ನೀಗ್ರೋ ನದಿಯ ಮೇಲ್ಭಾಗದಲ್ಲಿದ್ದ, ಕೊನೆಗಾಲಕ್ಕೆ ಹತ್ತಿರವಿರಲಾಗಲಿಲ್ಲ. ೧೮೫೨ರ ಜುಲೈಯಲ್ಲಿ ವಾಲೇಸ್ ಊರಿಗೆ ಹೊರಟ. ಹಡಗಿನ ಹೆಸರು ‘ಹೆಲೆನ್’. ಆಗಸ್ಟ್ ೬ರಂದು ಅಟ್ಲಾಂಟಿಕ್ ಸಾಗರದ ನಡುವೆ ಅದಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಸಿದ್ದ ಹಕ್ಕಿ, ಕೀಟ, ದಿನಚರಿ, ಜೀವಂತ ಮಂಗಗಳು, ಗಿಳಿಗಳು ಎಲ್ಲ ಅವನ ಕಣ್ಣೆದುರೇ ಸುಟ್ಟುಹೋದವು. ಕೈಗೆ ಸಿಕ್ಕ ತಗಡಿನ ಪೆಟ್ಟಿಗೆಗೆ ಅವನು ತುಂಬಿಕೊಂಡದ್ದು ತಾಳೆ ಮರಗಳ ಮತ್ತು ಮೀನುಗಳ ಕೆಲವು ಚಿತ್ರ, ಒಂದಿಷ್ಟು ಟಿಪ್ಪಣಿ. ಹತ್ತು ದಿನ ತೆರೆದ ದೋಣಿಯಲ್ಲಿ ಬಿಸಿಲಿಗೆ ಬೆಂದ ಮೇಲೆ ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತು. ಆ ಸಂಗ್ರಹಕ್ಕೆ ಸ್ಟೀವನ್ಸ್ ಮುಂಜಾಗ್ರತೆಯಿಂದ ೨೦೦ ಪೌಂಡಿನ ವಿಮೆ ಮಾಡಿಸಿದ್ದ. ವಾಲೇಸ್ ಉಪವಾಸ ಬೀಳದೆ ಉಳಿದದ್ದು ಅದರಿಂದ.

ಎಲ್ಲ ಕಳೆದುಕೊಂಡು ಲಂಡನ್ನಿಗೆ ಬಂದವನು ಅದೇ ವರ್ಷದ ಕೊನೆಯಲ್ಲಿ ಅಮೆಜಾನಿನ ಮಂಗಗಳ ಬಗ್ಗೆ ಒಂದು ಪ್ರಬಂಧ ಓದಿದ. ಅದರಲ್ಲಿ ಎರಡು ಮಾತುಗಳಿವೆ. ಒಂದು, ಅಮೆಜಾನ್, ರಿಯೋ ನೀಗ್ರೋದಂಥ ಮಹಾನದಿಗಳು ಮಂಗಗಳಿಗೆ ಗಡಿಕಲ್ಲುಗಳ ಹಾಗಿವೆ. ಈ ದಡದಲ್ಲಿ ಒಂದು ಪ್ರಭೇದವಿದ್ದರೆ ಆ ದಡದಲ್ಲಿ ಅದರ ದಾಯಾದಿ ಇರುತ್ತದೆ. ಇನ್ನೊಂದು, ಮ್ಯೂಸಿಯಮ್ಮಿನ ಚೀಟಿಗಳ ಮೇಲಿನ ದೂರು. ‘ಬ್ರೆಜಿಲ್’, ‘ಪೆರು’, ಕೊನೆಗೆ ‘ದಕ್ಷಿಣ ಅಮೆರಿಕ’ ಎಂದು ಬರೆದರೆ ಆಯಿತು. ನದಿಯ ಯಾವ ದಡದಲ್ಲಿ ಸಿಕ್ಕಿತೆಂದು ಬರೆಯುವವರೇ ಇಲ್ಲ. ಪ್ರಾಣಿ ಬೇಕು, ಪ್ರಾಣಿಯ ಊರು ಬೇಡ! ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನು ಅಂದಿನ ದೊಡ್ಡ ದೊಡ್ಡ ವಿದ್ವಾಂಸರು ಕೇಳುವ ಗೋಜಿಗೂ ಹೋಗಿರಲಿಲ್ಲ.

ಡಾರ್ವಿನ್ನನೂ ಇದರಲ್ಲಿ ಸಿಕ್ಕಿಕೊಂಡಿದ್ದನೆಂಬುದು ಸ್ವಾರಸ್ಯದ ಸಂಗತಿ. ೧೮೩೫ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗಲಪಗಾಸಿನಲ್ಲಿ ಅವನು ಹಕ್ಕಿಗಳನ್ನು ಹೊಡೆದಾಗ, ಎರಡು ದ್ವೀಪಗಳ ಸಂಗ್ರಹವನ್ನು ಒಟ್ಟಿಗೆ ಬೆರೆಸಿಬಿಟ್ಟಿದ್ದ. ಕಣ್ಣಳತೆಯಲ್ಲಿರುವ ದ್ವೀಪಗಳಲ್ಲಿ ಬೇರೆ ಬೇರೆ ಪ್ರಾಣಿಗಳಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಆಮೆಯನ್ನು ನೋಡಿ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಅಧಿಕಾರಿಯೊಬ್ಬ ಹೇಳಿದ ಮೇಲೂ ಅದರ ಮಹತ್ವ ತಕ್ಷಣ ತಟ್ಟಲಿಲ್ಲ. ೧೮೩೭ರಲ್ಲಿ ಲಂಡನ್ನಿನಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಆ ಹಕ್ಕಿಗಳನ್ನು ಪರೀಕ್ಷಿಸಿ, ಇವೆಲ್ಲ ಒಂದೇ ಬಳಗದ ಬೇರೆ ಬೇರೆ ಫಿಂಚುಗಳು ಎಂದ. ಆಗ ಡಾರ್ವಿನ್, ಹಡಗಿನ ಕ್ಯಾಪ್ಟನ್ ಮತ್ತಿತರರು ಊರು ಬರೆದಿಟ್ಟಿದ್ದ ಮಾದರಿಗಳನ್ನು ಕೇಳಿ ಪಡೆದು ಯಾವುದು ಎಲ್ಲಿಯದೆಂದು ಹೊಂದಿಸಬೇಕಾಯಿತು. ಅದೃಷ್ಟವಶಾತ್ ಮಾಕಿಂಗ್ ಬರ್ಡ್ ಎಂಬ ಇನ್ನೊಂದು ಹಕ್ಕಿಗೆ ಮಾತ್ರ ಅವನು ದ್ವೀಪದ ಹೆಸರು ಬರೆದಿದ್ದ. ಅವು ಮೂರು ಪ್ರಭೇದಗಳೆಂದು ಗೌಲ್ಡ್ ಹೇಳಿದಾಗಲೇ ಡಾರ್ವಿನ್ನನ ಅನುಮಾನ ಗಟ್ಟಿಯಾದದ್ದು. ಅಂದರೆ ಕೊಕ್ಕು ನೋಡಿದೊಡನೆ ಜ್ಞಾನೋದಯವಾಗಲಿಲ್ಲ. ಹಕ್ಕಿಯ ಕೊಕ್ಕನ್ನೂ ಚೀಟಿಯ ಊರನ್ನೂ ಅಕ್ಕಪಕ್ಕ ಇಟ್ಟಾಗ ಆಯಿತು.

ವಾಲೇಸ್ ಆ ಪಾಠವನ್ನು ಅಮೆಜಾನಿನಲ್ಲೇ ಕಲಿತಿದ್ದ. ೧೮೫೪ರ ಏಪ್ರಿಲಿನಲ್ಲಿ ಅವನು ಸಿಂಗಪುರದಲ್ಲಿ ಇಳಿದ. ಮುಂದಿನ ಎಂಟು ವರ್ಷ, ಇಂದಿನ ಮಲೇಷ್ಯಾ ಮತ್ತು ಇಂಡೋನೇಷ್ಯಾದ ದ್ವೀಪಗಳಲ್ಲಿ ಸುಮಾರು ೧೪,೦೦೦ ಮೈಲಿ ತಿರುಗಿದ. ಅವನೇ ಕೊಟ್ಟ ಲೆಕ್ಕದ ಪ್ರಕಾರ ಕೂಡಿಸಿದ ಮಾದರಿಗಳು ೧,೨೫,೬೬೦. ಅದರಲ್ಲಿ ದುಂಬಿಗಳೇ ೮೩,೨೦೦, ಹಕ್ಕಿಗಳು ೮,೦೫೦. ದ್ವೀಪ ಯಾವುದೆಂಬ ದಾಖಲೆಯನ್ನು ಅವನು ಜೋಪಾನವಾಗಿ ಇಡುತ್ತ ಹೋದ.

೧೮೫೫ರ ಫೆಬ್ರವರಿ. ಬೋರ್ನಿಯೋದ ಸರವಾಕಿನಲ್ಲಿ ಮಳೆಗಾಲ. ನದೀಮುಖದ ಒಂದು ಪುಟ್ಟ ಮನೆಯಲ್ಲಿ ಕೂತು ವಾಲೇಸ್ ಒಂದು ಲೇಖನ ಬರೆದ. ಹತ್ತಿರದ ಸಂಬಂಧವಿರುವ ಪ್ರಭೇದಗಳು ಹತ್ತಿರ ಹತ್ತಿರದ ಜಾಗಗಳಲ್ಲೇ ಸಿಗುತ್ತವೆ. ಬಂಡೆಯ ಪದರಗಳಲ್ಲಿ ನೋಡಿದರೆ ಹತ್ತಿರ ಹತ್ತಿರದ ಕಾಲಗಳಲ್ಲೇ ಸಿಗುತ್ತವೆ. ಹಾಗಾದರೆ ಪ್ರತಿ ಹೊಸ ಪ್ರಭೇದವೂ, ಅದಕ್ಕೆ ಮೊದಲೇ ಅದೇ ಸೀಮೆಯಲ್ಲಿದ್ದ ಅದರ ಹತ್ತಿರದ ನೆಂಟನ ಬೆನ್ನಿಗೇ ಹುಟ್ಟಿರಬೇಕು. ಅವನು ಹೇಳಿದ್ದರ ಸಾರಾಂಶ ಇಷ್ಟು. ನಮ್ಮ ಊರ ಕಡೆ ಒಂದೇ ಮನೆತನದ ಮನೆಗಳು ಒಂದೇ ಕೇರಿಯಲ್ಲಿ ಸಾಲಾಗಿದ್ದರೆ, ಇವರೆಲ್ಲ ಎಲ್ಲೆಲ್ಲಿಂದಲೋ ಬಂದು ಆಕಸ್ಮಿಕವಾಗಿ ಕೂಡಿದವರು ಎಂದು ಯಾರಾದರೂ ಹೇಳುತ್ತಾರೆಯೆ? ಹಿಂದೆ ಒಬ್ಬ ಅಜ್ಜ ಇದ್ದ, ಹಿಸ್ಸೆಯಾಯಿತು ಎನ್ನುತ್ತೇವೆ. ವಾಲೇಸ್ ಹೇಳಿದ್ದೂ ಅಷ್ಟೇ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಈ ಲೇಖನ ಓದಿ ಕಳವಳಗೊಂಡ. ಕಲ್ಕತ್ತೆಯಲ್ಲಿದ್ದ ಎಡ್ವರ್ಡ್ ಬ್ಲೈತ್ ಇದನ್ನು ಮೆಚ್ಚಿ ಡಾರ್ವಿನ್ನನಿಗೆ ಕಾಗದ ಬರೆದ. ನೀನು ಬೇಗ ಪ್ರಕಟಿಸು, ಇಲ್ಲದಿದ್ದರೆ ಬೇರೆಯವರು ಮುಂದಾಗುತ್ತಾರೆ ಎಂದು ಲಯೆಲ್ ೧೮೫೬ರಲ್ಲಿ ಡಾರ್ವಿನ್ನನನ್ನು ಎಚ್ಚರಿಸಿದ.

ಅದೇ ೧೮೫೬ರ ಜೂನಿನಲ್ಲಿ ಇನ್ನೊಂದು ಘಟನೆ ನಡೆಯಿತು. ವಾಲೇಸನಿಗೆ ಹೋಗಬೇಕಾಗಿದ್ದುದು ಮಕಾಸ್ಸರಿಗೆ. ನೇರ ಹಡಗು ಸಿಗದೆ ಬಾಲಿಯ ಮೇಲೆ ಸುತ್ತುಹಾಕಿ ಲೊಂಬೋಕ್ ದ್ವೀಪಕ್ಕೆ ಬಂದ. ನಡುವಿನ ಜಲಸಂಧಿ ಅವನ ಲೆಕ್ಕದಲ್ಲಿ ಹದಿನೈದು ಮೈಲಿ. ಬಾಲಿಯಲ್ಲಿ ಮರಕುಟಿಗ, ಕುಟ್ರು ಹಕ್ಕಿ, ಏಷ್ಯಾದ ಇತರ ಹಕ್ಕಿಗಳು. ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಮಧ್ಯಾಹ್ನವಿಡೀ ‘ಕುಟ್ರು ಕುಟ್ರು’ ಎನ್ನುವ ಹಕ್ಕಿಯ ನೆಂಟರು ಅವು. ಮಲೆನಾಡಿನವನು ಬಾಲಿಗೆ ಹೋದರೆ ಕಿವಿಗೆ ಪರಕೀಯವೆನಿಸದು. ಲೊಂಬೋಕಿನಲ್ಲಿ ಕಾಲಿಟ್ಟರೆ ಅವು ಕಾಣಲಿಲ್ಲ. ಬದಲಿಗೆ ಬಿಳಿಯ ಕಾಕಟೂಗಳು, ಕಸಕಡ್ಡಿ ಮಣ್ಣಿನ ದಿಬ್ಬ ಕೂಡಿಸಿ ಅದರ ಕಾವಿನಲ್ಲಿ ಮೊಟ್ಟೆ ಮರಿಮಾಡುವ ಕೋಳಿಯಂಥ ಹಕ್ಕಿಗಳು. ಎಲ್ಲ ಆಸ್ಟ್ರೇಲಿಯಾ ಕಡೆಯ ಬಳಗ! ಹವೆ ಅದೇ, ಮಣ್ಣು ಅದೇ, ಎರಡರಲ್ಲೂ ಬೆಂಕಿಬೆಟ್ಟಗಳು. ಜಾಗಕ್ಕೆ ತಕ್ಕಂತೆ ಪ್ರಾಣಿಗಳನ್ನು ಮಾಡಿಟ್ಟಿದ್ದರೆ, ಒಂದೇ ತರದ ಎರಡು ಜಾಗಗಳಲ್ಲಿ ಇಷ್ಟೊಂದು ಭೇದ ಏಕೆ?

ಉತ್ತರ ಸಮುದ್ರದ ಆಳದಲ್ಲಿತ್ತು. ಬಾಲಿ, ಜಾವಾ, ಸುಮಾತ್ರಾ, ಬೋರ್ನಿಯೋಗಳ ನಡುವಿನ ಕಡಲು ತೀರ ಕಡಿಮೆ ಆಳದ್ದು. ಹಿಮಯುಗದಲ್ಲಿ ಸಮುದ್ರಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದಾಗ ಅವೆಲ್ಲ ಏಷ್ಯಾಕ್ಕೆ ಅಂಟಿಕೊಂಡ ಒಂದೇ ನೆಲವಾಗಿದ್ದವು. ಆದರೆ ಬಾಲಿ-ಲೊಂಬೋಕ್ ನಡುವಿನ ನೀರು ಎಷ್ಟು ಆಳವೆಂದರೆ ಆಗಲೂ ಬತ್ತಲಿಲ್ಲ. ಹಿಮಯುಗದ ವಿವರ ವಾಲೇಸನಿಗೆ ತಿಳಿಯುವಂತಿರಲಿಲ್ಲವಾದರೂ, ಆಳ ನೀರೇ ಹಳೆಯ ಗಡಿ ಎಂಬುದನ್ನು ಹಿಡಿದ. ೧೮೬೩ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದ. ಸರ್ವೆ ಕೆಲಸ ಮಾಡಿದ ಕೈ ತಾನೆ! ಅದಕ್ಕೆ ‘ವಾಲೇಸ್ ರೇಖೆ’ ಎಂದು ಹೆಸರಿಟ್ಟವನು ಥಾಮಸ್ ಹಕ್ಸ್ಲಿ, ೧೮೬೮ರಲ್ಲಿ.

ಇಷ್ಟಾದರೂ ಒಂದು ಕೊಂಡಿ ಉಳಿದಿತ್ತು. ಪ್ರಭೇದಗಳು ಒಂದರಿಂದ ಒಂದು ಕವಲೊಡೆಯುತ್ತವೆ, ಸರಿ. ಹೇಗೆ? ೧೮೫೮ರ ಫೆಬ್ರವರಿಯಲ್ಲಿ ಮಸಾಲೆ ದ್ವೀಪಗಳ ಸೀಮೆಯಲ್ಲಿ ವಾಲೇಸ್ ಚಳಿಜ್ವರದಿಂದ ಮಲಗಿದ್ದ. ಬಿಸಿಲ ನಾಡಿನಲ್ಲಿ ಕಂಬಳಿ ಹೊದ್ದು ನಡುಗುತ್ತ, ಹಿಂದೆ ಓದಿದ್ದ ಮಾಲ್ಥಸನ ಪುಸ್ತಕ ನೆನಪಾಯಿತು. ರೋಗ, ಬರ, ಯುದ್ಧಗಳು ಜನಸಂಖ್ಯೆಯನ್ನು ತಡೆಹಿಡಿಯುತ್ತವೆ ಎಂಬ ವಾದ. ಪ್ರಾಣಿಗಳು ಇನ್ನೂ ಬೇಗ ಹೆಚ್ಚುತ್ತವೆ, ಇನ್ನೂ ಹೆಚ್ಚು ಸಾಯುತ್ತವೆ. ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ? ಸಾಲಾಗಿ ಜೋಡಿಸಿದಾಗ ಕಂಡಿದ್ದ ಆ ಸಣ್ಣ ವ್ಯತ್ಯಾಸಗಳು ಇಲ್ಲಿ ಉಪಯೋಗಕ್ಕೆ ಬಂದವು. ಪರಿಸರಕ್ಕೆ ಕೊಂಚ ಹೆಚ್ಚು ಹೊಂದುವುದು ಉಳಿಯುತ್ತದೆ, ಮರಿಮಾಡುತ್ತದೆ. ತಲೆಮಾರುಗಳು ಕಳೆದಂತೆ ಬಳಗವೇ ಬದಲಾಗುತ್ತದೆ. ಜ್ವರ ಇಳಿದ ಮೇಲೆ ಎರಡು ಸಂಜೆಗಳಲ್ಲಿ ಬರೆದು ಮುಗಿಸಿ, ಟೆರ್ನಾಟೆ ದ್ವೀಪದಿಂದ ಅಂಚೆಗೆ ಹಾಕಿದ. ಯಾರಿಗೆ? ಡಾರ್ವಿನ್ನನಿಗೆ.

ಮಿಂಚು ಹೊಳೆಯಲಿಲ್ಲವೆ ಹಾಗಾದರೆ ಎಂದು ನೀವು ಕೇಳಬಹುದು. ಹೊಳೆಯಿತು. ಆದರೆ ಅದರ ಹಿಂದೆ ದುಂಬಿ ಹಿಡಿದ ಹದಿನಾಲ್ಕು ವರ್ಷಗಳಿದ್ದವು. ಜ್ವರ ಎಲ್ಲರಿಗೂ ಬರುತ್ತದೆ.

ಆ ಕಾಗದ ೧೮೫೮ರ ಜೂನ್ ೧೮ರಂದು ಕೈಸೇರಿತೆಂದು ಡಾರ್ವಿನ್ ಬರೆದಿದ್ದಾನೆ. ಇಪ್ಪತ್ತು ವರ್ಷದಿಂದ ತಾನು ಗುಟ್ಟಾಗಿ ಬೆಳೆಸಿದ್ದ ವಿಚಾರ, ಮುಖವನ್ನೂ ಸರಿಯಾಗಿ ನೆನಪಿಲ್ಲದ ಒಬ್ಬ ಕೀಟ ಮಾರುವವನ ಕೈಬರಹದಲ್ಲಿ! ಅದೇ ಹೊತ್ತಿನಲ್ಲಿ ಮನೆಯಲ್ಲಿ ಎಳೆಯ ಮಗುವಿಗೆ ಸ್ಕಾರ್ಲೆಟ್ ಜ್ವರ; ೨೮ರಂದು ಮಗು ತೀರಿಕೊಂಡಿತು. ಡಾರ್ವಿನ್ ಎಲ್ಲವನ್ನೂ ಗೆಳೆಯರಾದ ಲಯೆಲ್ ಮತ್ತು ಹೂಕರರಿಗೆ ಬಿಟ್ಟುಕೊಟ್ಟ. ಅವರು ಡಾರ್ವಿನ್ನನ ಹಳೆಯ ಬರಹದ ಭಾಗಗಳನ್ನು ಮೊದಲಿಗೂ ವಾಲೇಸನ ಲೇಖನವನ್ನು ಆಮೇಲೂ ಇಟ್ಟು, ಜುಲೈ ೧ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಿಸಿದರು. ಬರೆದ ಇಬ್ಬರೂ ಸಭೆಯಲ್ಲಿರಲಿಲ್ಲ. ವಾಲೇಸನನ್ನು ಕೇಳಿಯೂ ಇರಲಿಲ್ಲ. ಅಂಚೆ ಹೋಗಿ ಬರಲು ತಿಂಗಳುಗಳೇ ಬೇಕಿದ್ದ ಕಾಲ. ಮರುವರ್ಷ ಆ ಸಂಸ್ಥೆಯ ಅಧ್ಯಕ್ಷ, ಕಳೆದ ವರ್ಷ ವಿಜ್ಞಾನವನ್ನು ಅಲುಗಿಸುವಂಥ ಶೋಧವೇನೂ ನಡೆಯಲಿಲ್ಲವೆಂಬ ಅರ್ಥದ ಮಾತಾಡಿದ! ೧೮೫೯ರ ನವೆಂಬರ್ ೨೪ರಂದು ಡಾರ್ವಿನ್ನನ ‘ಪ್ರಭೇದಗಳ ಉಗಮ’ ಹೊರಬಂತು.

ಇದು ಅನ್ಯಾಯವೇ? ಕ್ಲಾಸಿನಲ್ಲಿ ಪ್ರತಿವರ್ಷ ಈ ಚರ್ಚೆ ಏಳುತ್ತಿತ್ತು. ಒಪ್ಪಿಗೆ ಕೇಳದೆ ಪ್ರಕಟಿಸಿದ್ದು ಸರಿಯಲ್ಲ ಎಂಬುದೇ ನನ್ನ ಮತ. ಆದರೆ ವಾಲೇಸ್ ಹಾಗೆ ಗೊಣಗಲಿಲ್ಲ. ತನ್ನ ‘ಮಲಯ ದ್ವೀಪಸ್ತೋಮ’ ಪುಸ್ತಕವನ್ನು ೧೮೬೯ರಲ್ಲಿ ಡಾರ್ವಿನ್ನನಿಗೇ ಅರ್ಪಿಸಿದ. ೧೮೮೯ರಲ್ಲಿ ಬರೆದ ಪುಸ್ತಕಕ್ಕೆ ‘ಡಾರ್ವಿನಿಸಂ’ ಎಂದೇ ಹೆಸರಿಟ್ಟ. ಡಾರ್ವಿನ್ನನೂ ಸುಮ್ಮನಿರಲಿಲ್ಲ. ಹಣದ ಮುಗ್ಗಟ್ಟಿನಲ್ಲಿದ್ದ ವಾಲೇಸನಿಗೆ ವರ್ಷಕ್ಕೆ ೨೦೦ ಪೌಂಡಿನ ಸರ್ಕಾರಿ ಪಿಂಚಣಿ ೧೮೮೧ರಲ್ಲಿ ಸಿಗುವಂತೆ ಓಡಾಡಿದವನು ಅವನೇ. ಮನುಷ್ಯನ ಬುದ್ಧಿಯನ್ನು ನಿಸರ್ಗದ ಆಯ್ಕೆಯೊಂದರಿಂದಲೇ ವಿವರಿಸಲಾಗದೆಂದು ವಾಲೇಸ್ ಮುಂದೆ ಹೇಳತೊಡಗಿದಾಗ ಡಾರ್ವಿನ್ನನಿಗೆ ನೋವಾಯಿತು. ಆದರೂ ಸ್ನೇಹ ಮುರಿಯಲಿಲ್ಲ. ೧೯೧೩ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ವಾಲೇಸ್ ತೀರಿಕೊಂಡ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಬ್ಬ. ಸರವಾಕಿನಲ್ಲಿ ಅಡಿಗೆ ಕೆಲಸಕ್ಕೆಂದು ಸೇರಿದ ಅಲಿ ಎಂಬ ಮಲಯ ಹುಡುಗ. ಬಂದೂಕು ಹಿಡಿಯಲು ಕಲಿತ, ಹಕ್ಕಿ ಸುಲಿದು ಚರ್ಮ ಹದಮಾಡಲು ಕಲಿತ, ಜ್ವರ ಬಂದಾಗ ಒಡೆಯನನ್ನು ನೋಡಿಕೊಂಡ. ೧೮೫೮ರಲ್ಲಿ ಬಾಚಾನ್ ದ್ವೀಪದಲ್ಲಿ, ಎದೆಯ ಮೇಲೆ ಹಸಿರು ಹೊಳಪು, ಭುಜದಿಂದ ಎದ್ದ ಉದ್ದನೆಯ ಬಿಳಿ ಗರಿಗಳಿದ್ದ ಅಪರೂಪದ ಸ್ವರ್ಗದ ಹಕ್ಕಿಯನ್ನು ಹೊಡೆದು ತಂದವನು ಅಲಿ. ವಿಜ್ಞಾನ ಅದಕ್ಕೆ ಇಟ್ಟ ಹೆಸರು ಸೆಮಿಯೋಪ್ಟೆರಾ ವಾಲೇಸಿ. ೧೮೬೨ರಲ್ಲಿ ಬೀಳ್ಕೊಡುವಾಗ ವಾಲೇಸ್ ಅಲಿಗೆ ಹಣ, ಬಂದೂಕು ಕೊಟ್ಟ, ಸಿಂಗಪುರದಲ್ಲಿ ಅವನ ಫೋಟೋ ತೆಗೆಸಿದ. ೧೯೦೭ರಲ್ಲಿ ಥಾಮಸ್ ಬಾರ್ಬರ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಟೆರ್ನಾಟೆಗೆ ಹೋದಾಗ ಒಬ್ಬ ಮುದುಕ ಎದುರು ಬಂದು ತನ್ನ ಹೆಸರು ಅಲಿ ವಾಲೇಸ್ ಎಂದನಂತೆ. ಚೀಟಿಯ ಮೂರನೆಯ ಸಾಲು, ‘ಹಿಡಿದವರು ಯಾರು’ ಎಂಬುದು, ಅಲಿಯ ಪಾಲಿಗೆ ಅಷ್ಟರಮಟ್ಟಿಗೆ ಖಾಲಿಯಾಗಿಯೇ ಉಳಿಯಿತು. ಅದನ್ನು ಅವನು ತಾನೇ ತುಂಬಿಕೊಂಡ.

೨೦೨೩ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ ದೇಶದ ೧,೮೦೦ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಪ್ರತಿಭಟಿಸಿ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯಲ್ಲಿ ಹೇಗೂ ಇದೆಯಲ್ಲ ಎಂದವರಿದ್ದರು. ಜೀವಶಾಸ್ತ್ರ ತೆಗೆದುಕೊಳ್ಳದ ಹುಡುಗ ಹನ್ನೆರಡನೆಯದರಲ್ಲಿ ಅದನ್ನು ಎಲ್ಲಿಂದ ಓದಬೇಕು? ಮಂಗನಿಂದ ಮಾನವನಾದನೋ ಇಲ್ಲವೋ ಎಂಬ ಜಗಳಕ್ಕಿಂತ ದೊಡ್ಡದು ಇಲ್ಲಿ ಕಳೆದುಹೋಗುವಂಥದ್ದು. ಕಣ್ಣಿಗೆ ಕಂಡದ್ದನ್ನು, ಕಂಡ ಜಾಗದೊಂದಿಗೆ, ಕಂಡಂತೆ ಬರೆದಿಟ್ಟರೆ, ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವನೂ ಜಗತ್ತಿನ ಒಂದು ದೊಡ್ಡ ಗುಟ್ಟನ್ನು ಬಿಡಿಸಬಲ್ಲ ಎಂಬ ಧೈರ್ಯ ಆ ಪಾಠದೊಳಗಿದೆ. ನಮ್ಮ ಹಳ್ಳಿ ಶಾಲೆಗಳ ಮಕ್ಕಳಿಗೆ ಈ ಧೈರ್ಯ ಬೇರೆ ಯಾರಿಗಿಂತಲೂ ಹೆಚ್ಚು ಬೇಕು. ಅವರ ಸುತ್ತ ಹೊಳೆಯಿದೆ, ಗುಡ್ಡವಿದೆ. ಹೊಳೆಯ ಈಚೆ ದಡದಲ್ಲಿ ಇರುವುದು ಆಚೆ ದಡದಲ್ಲೂ ಇದೆಯೇ ಎಂದು ನೋಡಿ ಬರೆದುಕೊಳ್ಳಲು ಒಂದು ಪೆನ್ಸಿಲ್, ಒಂದು ತುಂಡು ಕಾಗದ ಸಾಕು.